ಸ್ವಲ್ಪ ಬೇಸರವಂತೆ

ನನ್ನ ಹೆಸರು ಮಂದಾಕಿನಿ. ಈ ಊರಿನಲ್ಲಿ ಅದು ಗೊತ್ತಿರುವುದು ನನಗೆ ಮತ್ತು ನನ್ನ ಪಡಿತರ ಚೀಟಿಗೆ ಮಾತ್ರ. ಉಳಿದವರಿಗೆಲ್ಲ ನಾನು ಅಂತೆಯಮ್ಮ. ನನಗಿಂತ ಮೊದಲು ನನ್ನ ಸೋದರತ್ತೆ ಅಂತೆಯಮ್ಮ ಆಗಿದ್ದಳು, ಅವಳಿಗಿಂತ ಮೊದಲು ಒಬ್ಬ ಅಂತೆಯಪ್ಪ ಇದ್ದನಂತೆ. ನೋಡಿ, 'ಅಂತೆ' ಬಾಯಿಗೆ ಬಂದೇ ಬಿಟ್ಟಿತು. ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದವಳ ನಾಲಿಗೆ ಹೇಳಿದ ತಕ್ಷಣ ಸುಮ್ಮನಾಗುವುದಿಲ್ಲ.

ಊರಿಗೆ ಎರಡು ಕೇರಿ, ಮೂಡಲ ಕೇರಿ ಮತ್ತು ಪಡುವಲ ಕೇರಿ. ನಡುವೆ ಎರಡು ಗಾಡಿ ಹೋಗುವಷ್ಟು ಅಗಲದ ಒಂದು ಬೀದಿ. ಮೂಡಲದವರ ಮಾತು ಪಡುವಲದವರಿಗೆ ಕೇಳಿಸುವುದಿಲ್ಲ, ಪಡುವಲದವರದು ಮೂಡಲದವರಿಗೆ ಕೇಳಿಸುವುದಿಲ್ಲ. ಬೀದಿ ದಾಟಿ, ಪಕ್ಕದಲ್ಲೇ ನಿಂತು, ಕಿವಿಗೆ ಬಾಯಿಟ್ಟು ಕೂಗಿದರೂ ಅಷ್ಟೇ. ಬರೆದು ತೋರಿಸಬಹುದಲ್ಲ ಎಂದು ಹೊರಗಿನಿಂದ ಬಂದವರು ದೊಡ್ಡ ಜಾಣರಂತೆ ಕೇಳುತ್ತಾರೆ. ಬರೆದೂ ನೋಡಿದ್ದಾಗಿದೆ. ಆಚೆಯವರಿಗೆ ಅದು ಬರೀ ಬಿಳಿ ಹಾಳೆ. ನಾಯಿ ಬೊಗಳಿದ್ದು, ಬಸ್ಸಿನ ಹಾರ್ನು, ಗುಡುಗು ಎಲ್ಲವೂ ಇಬ್ಬರಿಗೂ ಕೇಳುತ್ತದೆ. ಮನುಷ್ಯರ ಮಾತೊಂದು ದಾಟುವುದಿಲ್ಲ.

ಹಾಗೆಂದು ಊರು ನಿಂತುಹೋಗಿಲ್ಲ. ಪಡುವಲದ ಗಂಡಸರು ಕ್ಷೌರಕ್ಕೆ ಮೂಡಲ ಕೇರಿಗೇ ಹೋಗುತ್ತಾರೆ, ಅಲ್ಲಿನ ಕ್ಷೌರಿಕ ತಲೆ ತಿನ್ನುವುದು ಅವರಿಗೆ ಕೇಳಿಸುವುದಿಲ್ಲವೆಂದು. ಮೂಡಲದ ಹೆಂಗಸರು ಸಾರಿನ ಪುಡಿ ಮಾಡಿಸಲು ಪಡುವಲದ ಗಿರಣಿಗೆ ಬಂದು, ಮೆಣಸಿನಕಾಯಿ ಇಷ್ಟು, ಕೊತ್ತಂಬರಿ ಅಷ್ಟು ಎಂದು ಕೈಯಲ್ಲೇ ಹೇಳಿ ಹೋಗುತ್ತಾರೆ. ಒಮ್ಮೆ ಒಬ್ಬ ಹುಡುಗ ಆಚೆ ಕೇರಿಯ ಹುಡುಗಿಯನ್ನು ಮದುವೆಯಾಗಿದ್ದ. ಇಪ್ಪತ್ತು ವರ್ಷದಿಂದ ಚೆನ್ನಾಗಿ ಬಾಳುತ್ತಿದ್ದಾರೆ. ಊರಿನ ಉಳಿದ ಗಂಡ ಹೆಂಡಿರು ಅವರನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಾರೆ.

ಎರಡೂ ಕಡೆಯ ಮಾತು ಕೇಳುವ ಕಿವಿ ಒಂದು ಕಾಲಕ್ಕೆ ಒಬ್ಬರಿಗೋ ಇಬ್ಬರಿಗೋ ಮಾತ್ರ. ನನಗದು ಗೊತ್ತಾದದ್ದು ಏಳನೆಯ ವಯಸ್ಸಿನಲ್ಲಿ. ಮೂಡಲ ಕೇರಿಯ ಯಾರೋ ಹೇಳಿದ ಪೋಲಿ ಜೋಕಿಗೆ ಪಡುವಲ ಕೇರಿಯ ನಾನು ಬೀದಿ ನಡುವೆ ಕಿಸಕ್ಕನೆ ನಕ್ಕುಬಿಟ್ಟೆ. ಅಮ್ಮ ಮೊದಲು ಬೆನ್ನಿಗೊಂದು ಬಿಟ್ಟಳು, ಆಮೇಲೆ ಕೈ ಹಿಡಿದು ಅತ್ತೆಯ ಹತ್ತಿರ ಕರೆದುಕೊಂಡು ಹೋದಳು. ನನ್ನ ವಿದ್ಯಾಭ್ಯಾಸ ಅಲ್ಲಿಂದ ಶುರುವಾಯಿತು.

ಕೆಲಸ ಇಷ್ಟು. ಪ್ರತಿ ಸೋಮವಾರ ಬೆಳಿಗ್ಗೆ ಬೀದಿಯ ತುದಿಯ ಸಭಾಮಂಟಪದಲ್ಲಿ ಎರಡೂ ಕೇರಿಯ ಮುಖ್ಯಸ್ಥರು ಎದುರುಬದುರು ಕೂರುತ್ತಾರೆ. ನಡುವೆ ಅಂತೆಯಮ್ಮನ ಕುರ್ಚಿ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ದಾಟಿಸಬೇಕು. ಅವಳು ಯಾರ ಕಡೆ ತಿರುಗಿ ಆಡುತ್ತಾಳೋ ಅವರಿಗೆ ಮಾತ್ರ ಅವಳ ಮಾತು ಕೇಳಿಸುತ್ತದೆ. ಮುಖ್ಯಸ್ಥರು ಒಬ್ಬರನ್ನೊಬ್ಬರು ನೋಡಬಾರದು, ಅಂತೆಯಮ್ಮನ ಮುಖವನ್ನೇ ನೋಡಬೇಕು. ಅದು ಸಭೆಯ ಮರ್ಯಾದೆ.

ಅತ್ತೆ ಕಲಿಸಿದ ಮೊದಲ ಪಾಠ 'ಅಂತೆ'. ಅದು ಬಹಳ ಉಪಕಾರಿ ಪದ. 'ನೀರು ಬೇಕು' ಎಂದರೆ ಕೇಳಿದವನ ಗಂಟಲು ಒಣಗಿದೆ ಎಂದು ಅರ್ಥ. 'ನೀರು ಬೇಕಂತೆ' ಎಂದರೆ ಎಲ್ಲೋ ಯಾರಿಗೋ ಬೇಕು. ಹೇಳುವವಳಿಗೂ ಕೇಳುವವನಿಗೂ ಅವಸರವಿಲ್ಲ. ಎರಡನೆಯ ಪಾಠ, ಮಾತಿನ ಮುಳ್ಳು ಮುರಿದು ದಾಟಿಸುವುದು. ಸಿಟ್ಟು, ಶಾಪ, ಅಳು ಯಾವುದೇ ಬಂದರೂ ಅದನ್ನು 'ಬೇಸರ' ಎನ್ನಬೇಕು. ಬೆದರಿಕೆ ಬಂದರೆ 'ಕೋರಿಕೆ'. ಖಂಡಿತ ಆಗದು ಎಂದರೆ 'ನೋಡೋಣ ಅಂತೆ'. ಹೀಗೆ ಮೂರೇ ಮೂರು ಮಾತಿನಲ್ಲಿ ಅತ್ತೆ ಒಂದು ಊರನ್ನು ನಡೆಸಿದ್ದಳು.

"ಒಂದೇ ಒಂದ್ಸಲ ನಾನು ಹದ ತಪ್ಪಿದೆ ಕಣೆ," ಎನ್ನುತ್ತಿದ್ದಳು ಅತ್ತೆ. "ಪಡುವಲದೋರು ಹೇಳಿದ್ದನ್ನ ಇದ್ದದ್ದು ಇದ್ದ ಹಾಗೆ ದಾಟಿಸ್ಬಿಟ್ಟೆ. ಅವತ್ತು ಸಂಜೆ ಮೂಡಲ ಕೇರೀಲಿ ಹನ್ನೆರಡು ಮನೆ ಸುಟ್ಟು ಬೂದಿ ಆಯ್ತು. ಮೂರು ಜನ ಹೋದ್ರು." ನಾನು ಹುಟ್ಟುವ ಮೊದಲಿನ ಮಾತು ಅದು. ಹೇಳುವಾಗಲೆಲ್ಲ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ನಾನು ಆ ಬೆಂಕಿಗೆ ಹೆದರಿಕೊಂಡೇ ಕೆಲಸ ಕಲಿತೆ, ಒಳ್ಳೆಯ ಹೆಸರನ್ನೂ ತೆಗೆದುಕೊಂಡೆ. ನನ್ನ ಕಾಲದಲ್ಲಿ ಊರಿನಲ್ಲಿ ಒಂದು ಕಲ್ಲೂ ಹಾರಿರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೂಡಲದ ಮುಖ್ಯಸ್ಥರು ವರದಯ್ಯ. ಅರವತ್ತು ದಾಟಿದ, ಬೆಳ್ಳಗೆ ಒಗೆದ ಅಂಗಿಯ, ಮೆದು ಮಾತಿನ ಮನುಷ್ಯ. ಯಾರ ಮನೆಯಲ್ಲಿ ಏನೇ ನಡೆದರೂ ಅವರ ಭಾಷಣ 'ನಾವೆಲ್ಲ ಒಂದೇ' ಎಂದು ಶುರುವಾಗಿ 'ನಾವೆಲ್ಲ ಒಂದೇ' ಎಂದು ಮುಗಿಯುತ್ತಿತ್ತು. ಪಡುವಲದ ಮುಖ್ಯಸ್ಥ ಮಾದಪ್ಪ ಸಿಡುಕ. ಹನ್ನೊಂದು ವರ್ಷ ಸೋಮವಾರ ಸೋಮವಾರ ಬಂದು, ನನ್ನ ಮುಖ ನೋಡಿಕೊಂಡು, ಒಂದೇ ವಿಷಯ ಕಿರುಚುತ್ತಿದ್ದ. ಮೂಡಲ ಕೇರಿಯಲ್ಲಿ ನೂಲಿಗೆ ಬಣ್ಣ ಹಾಕುವ ನಲವತ್ತು ಮನೆಗಳಿವೆ. ಅವರ ತೊಟ್ಟಿಯ ನೀರು ಇಳಿಜಾರು ಹಿಡಿದು ಪಡುವಲದವರು ಕುಡಿಯುವ ಬಾವಿಗೆ ಸೇರುತ್ತಿತ್ತು. ಮಾದಪ್ಪ ಅತ್ತು ಕರೆದು, ಮೇಜು ಗುದ್ದಿ, ನಿಮ್ಮ ವಂಶ ನಾಶವಾಗಲಿ ಎಂದು ಮುಗಿಸುತ್ತಿದ್ದ. ನಾನು ವರದಯ್ಯನವರತ್ತ ತಿರುಗಿ, "ನೀರಿನ ಬಗ್ಗೆ ಅವರಿಗೆ ಸ್ವಲ್ಪ ಬೇಸರವಂತೆ" ಎನ್ನುತ್ತಿದ್ದೆ. ವರದಯ್ಯನವರು, "ಅಯ್ಯೋ, ಬೇಸರ ಮಾಡ್ಕೋಬೇಡಿ ಅಂತ ಹೇಳಿ" ಎನ್ನುತ್ತಿದ್ದರು. ಅದನ್ನು ನಾನು ಪಡುವಲಕ್ಕೆ 'ನೋಡೋಣ ಅಂತೆ' ಎಂದು ದಾಟಿಸುತ್ತಿದ್ದೆ. ನೋಡುತ್ತಾರೆ ಎಂಬ ಆಸೆಯಲ್ಲಿ ಮಾದಪ್ಪ ಮುಂದಿನ ಸೋಮವಾರದವರೆಗೆ ಹೇಗೋ ತಡೆದುಕೊಳ್ಳುತ್ತಿದ್ದ. ಬೀದಿಯಲ್ಲಿ ಎದುರಾದಾಗ ಪಡುವಲದವರು ಮುಖ ಗಂಟಿಕ್ಕಿಕೊಂಡಿರುವುದನ್ನು ಕಂಡ ಮೂಡಲದವರು, ಅವರ ಮುಖ ಇರುವುದೇ ಹಾಗೆ ಎಂದುಕೊಂಡಿದ್ದರು.

ಮಾದಪ್ಪ ಕಾಯಿಲೆ ಬಿದ್ದು ಸ್ಥಾನ ಬಿಟ್ಟ. ಪಡುವಲದವರು ಸೂಲಗಿತ್ತಿ ಕೆಂಚಮ್ಮನನ್ನು ಆರಿಸಿದರು. ಕೇರಿಯ ಅರ್ಧ ಜನರನ್ನು ಅವಳೇ ಹೆರಿಗೆ ಮಾಡಿಸಿ ತಂದಿದ್ದರಿಂದ ಯಾರೂ ಅವಳಿಗೆ ಎದುರು ನಿಲ್ಲಲಿಲ್ಲ. ಅವಳ ಭಾಷಣ ಬಹಳ ಚಿಕ್ಕದು. "ನಾನು ಒಂದು ಮಾಡಕ್ಕೆ ಬಂದಿಲ್ಲ, ಜಗಳ ಆಡಕ್ಕೆ ಬಂದಿದೀನಿ," ಎಂದಳು, ಕೂತಳು. ಚಪ್ಪಾಳೆ ಬಹಳ ಹೊತ್ತು ಬಿತ್ತು.

ಮೊದಲ ಸೋಮವಾರ ಅವಳು ಸಭೆಯ ಮರ್ಯಾದೆ ಮುರಿದಳು. ನನ್ನನ್ನು ನೋಡದೆ ನೇರ ವರದಯ್ಯನವರನ್ನು ನೋಡುತ್ತ, ಕೈ ಮುಗಿದು, ಮುಖದ ತುಂಬ ನಗು ತಂದುಕೊಂಡು, ಬಹಳ ಸಿಹಿಯಾಗಿ, "ನಿನ್ನ ಮೀಸೆಗೆ ಸಗಣಿ ಬಳಿಯ, ನಿನ್ನ ಒಲೆಗೆ ಉಪ್ಪಿನ ನೀರು ಹುಯ್ಯ, ನೀನು ಉಣ್ಣೋ ತಟ್ಟೇಲಿ ಕಪ್ಪೆ ಕುಣೀಲಿ" ಎಂದಳು. ನನ್ನ ನಾಲಿಗೆ ತನ್ನ ಪಾಡಿಗೆ ಕೆಲಸ ಮಾಡಿತು. "ಹೊಸ ಮುಖ್ಯಸ್ಥರು ನಮಸ್ಕಾರ ಹೇಳ್ತಾರಂತೆ," ಎಂದೆ. ವರದಯ್ಯನವರು ಎದ್ದು ನಿಂತು, ಅವಳಿಗಿಂತ ಬಾಗಿ ಕೈ ಮುಗಿದು, ಕಾಫಿ ತರಿಸಿದರು.

ಕೆಂಚಮ್ಮ ಕಾಫಿ ಕುಡಿದಳು. ಲೋಟ ಕೆಳಗಿಟ್ಟು ನನ್ನತ್ತ ತಿರುಗಿದಳು. "ಗೊತ್ತಾಯ್ತು ಬಿಡವ್ವ," ಎಂದಳು. ಎದ್ದು ಹೊರಟಳು.

ಮರುದಿನ ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದಾಗ ಅವಳು ಮನೆಗೇ ಬಂದಳು. ಜೊತೆಗೆ ಚೆಲುವಿ ಇದ್ದಳು, ಬಾವಿಯ ಪಕ್ಕದ ಮನೆಯ ಸೊಸೆ, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಹೋದ ಬೇಸಿಗೆಯಲ್ಲಿ ಎಂಟು ತಿಂಗಳಿಗೆ ಅವಳಿಗೆ ಹೆರಿಗೆಯಾಗಿ ಮಗು ಉಸಿರಾಡಿರಲಿಲ್ಲ. ಅವಳು ಗೋಡೆಗೆ ಒರಗಿ ಕೂತಳು, ಕೊಟ್ಟ ಮಜ್ಜಿಗೆಯನ್ನು ಮುಟ್ಟಲಿಲ್ಲ.

"ಈ ವರ್ಷ ನಾಲ್ಕು," ಎಂದಳು ಕೆಂಚಮ್ಮ. "ನಾಲ್ಕು ಕೂಸು ಈ ಕೈಯಾಗೆ ತಣ್ಣಗೆ ಬಂದ್ವು. ನಲವತ್ತು ವರ್ಷದಾಗೆ ಇಂಥದ್ದು ಕಂಡಿಲ್ಲ ನಾನು. ಮಾದಪ್ಪ ಅಲ್ಲಿ ಕೂತ್ಕಂಡು ಹೊಟ್ಟೆ ಬಗೆದು ಹೇಳ್ದ. ನೀನು ಏನಂತ ಹೇಳ್ದೆ ಅವರಿಗೆ?"

ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತ, "ಕೆಲಸದ ಪದ್ಧತಿ ಅಂತ ಒಂದಿದೆ ಕೆಂಚಮ್ಮ," ಎಂದೆ.

"ಪದ್ಧತಿಗಿಷ್ಟು ಬೆಂಕಿ ಹಾಕ. ಬರೋ ಸೋಮವಾರ ನಾನು ಹೇಳಿದ್ದನ್ನ ಹೇಳಿದ ಹಂಗೇ ದಾಟಿಸಬೇಕು. ಅಂತೆಗಿಂತೆ ಏನೂ ಸೇರಿಸಂಗಿಲ್ಲ."

"ಹೇಳಿದ ಮೇಲೆ ಊರು ಹತ್ಕೊಂಡು ಉರಿದ್ರೆ? ಅತ್ತೆ ಕಾಲದಲ್ಲಿ ಏನಾಯ್ತು ಅಂತ ಗೊತ್ತಿಲ್ವಾ ನಿಂಗೆ?"

"ಉರಿದ್ರೆ ನೀರು ಹುಯ್ಯನ. ಆದ್ರೆ ನಮ್ಮ ಬಾವೀಲಿರೋ ನೀರು ಯಾವ್ದು ಅಂತ ನಿಂಗೂ ಗೊತ್ತು." ಅವಳು ನನ್ನ ಮುಂದಿನ ಮೊರವನ್ನು ಆಚೆ ಸರಿಸಿದಳು. "ಜಗಳ ಆಗಬಾರ್ದು ಅಂತೀಯ. ಜಗಳ ಆಗ್ತಾನೇ ಐತೆ. ಒಂದೇ ಕಡೆ ಸಾಯ್ತಿದಾರೆ, ಇನ್ನೊಂದು ಕಡೆಯೋರಿಗೆ ಜಗಳ ಐತೆ ಅಂತ್ಲೇ ಗೊತ್ತಿಲ್ಲ. ಇದಕ್ಕೆ ಒಗ್ಗಟ್ಟು ಅಂತೀಯಾ?"

ನೋಡೋಣ ಎಂದೆ. ಅವಳು ನಕ್ಕು, ಅದರ ಅರ್ಥ ನನಗೂ ಗೊತ್ತು ಎಂದು ಹೇಳಿ ಎದ್ದಳು. ಹೋಗುವಾಗ ಚೆಲುವಿ ಹೊಸಿಲಲ್ಲಿ ನಿಂತು ನನ್ನನ್ನು ನೋಡಿದಳು.

ಶನಿವಾರ ವರದಯ್ಯನವರು ಹೇಳಿ ಕಳಿಸಿದರು. ಜಗಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಸಿ ಕೂರಿಸಿದರು. ನನಗೆ ಆ ಮನುಷ್ಯರ ಮೇಲೆ ಪ್ರೀತಿಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಹೆಂಡತಿ ಸತ್ತ ಮೇಲೆ ತಾವೇ ಅಡಿಗೆ ಮಾಡಿಕೊಳ್ಳುತ್ತಿದ್ದರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ.

"ಆಯಮ್ಮ ಜಗಳಗಂಟಿ ಅಂತಾರೆ, ನಿಜವಾ?" ಎಂದು ಕೇಳಿದರು. "ನನಗೇನೋ ನೋಡಿದ್ರೆ ಹಾಗನ್ನಿಸಲಿಲ್ಲ. ಎಷ್ಟು ವಿನಯವಾಗಿ ನಮಸ್ಕಾರ ಮಾಡಿದ್ರು!"

ಕಪ್ಪೆ ಕುಣಿಯುವ ತಟ್ಟೆ ನೆನಪಾಗಿ ನಾನು ಕೆಮ್ಮಿದೆ.

"ನೋಡಿ ಅಂತೆಯಮ್ಮ, ಈ ಊರು ಒಡೆದಿರೋ ಊರು. ಒಡೆದದ್ದನ್ನ ಇನ್ನಷ್ಟು ಒಡೆಯೋಕೆ ಯಾರು ಬೇಕಾದ್ರೂ ಸಾಕು, ಅದಕ್ಕೆ ಮುಖ್ಯಸ್ಥ ಬೇಕಾಗಿಲ್ಲ. ಬೆಂಕಿ ಬಿದ್ದಾಗ ನನಗೆ ಹತ್ತು ವರ್ಷ. ನಮ್ಮಣ್ಣ ಒಳಗೇ ಉಳಿದ. ಅವತ್ತೇ ನಿಶ್ಚಯ ಮಾಡಿದೆ, ನನ್ನ ಬಾಯಿಂದ ಬಿರುಸು ಮಾತು ಬರಬಾರದು, ನನ್ನ ಕಿವಿಗೂ ಬೀಳಬಾರದು ಅಂತ. ನಿಮ್ಮಿಂದ ಅದು ಉಳಿದಿದೆ." ಅವರ ಕಣ್ಣು ಒದ್ದೆಯಾಗಿತ್ತು. ನಾನು ಬೇಗ ಎದ್ದು ಬಂದುಬಿಟ್ಟೆ.

ಒಬ್ಬಳು ಜಗಳ ಬೇಕು ಎನ್ನುತ್ತಾಳೆ, ಒಬ್ಬರು ಬೇಡ ಎನ್ನುತ್ತಾರೆ. ಇಬ್ಬರೂ ತಮಗಾಗಿ ಕೇಳುತ್ತಿಲ್ಲ. ಸಾಮಾನ್ಯವಾಗಿ ಇಂಥ ಜಗ್ಗಾಟ ನೋಡಿಕೊಂಡು ಇರಲು ನನಗೆ ಬರುತ್ತಿತ್ತು, ನಾನು ನಡುವಿನವಳು. ಆದರೆ ಈ ಸಲ ಎರಡೂ ಹಗ್ಗದ ತುದಿ ನನ್ನ ನಾಲಿಗೆಗೇ ಕಟ್ಟಿತ್ತು. ಇದ್ದದ್ದು ಹೇಳಿದರೆ ಬೆಂಕಿ, ಹೇಳದಿದ್ದರೆ ಐದನೆಯ ಕೂಸು. ಭಾನುವಾರವಿಡೀ ಮನೆ ಗುಡಿಸಿದೆ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಸೋಮವಾರ ಮಂಟಪ ತುಂಬಿತ್ತು. ಕೆಂಚಮ್ಮ ಈ ಸಲ ನಗಲಿಲ್ಲ. ಬೈಯಲೂ ಇಲ್ಲ. ಅದೇ ನನ್ನನ್ನು ಸಿಕ್ಕಿಸಿಬಿಟ್ಟಿತು; ಬೈದಿದ್ದರೆ ಮುಳ್ಳು ಮುರಿಯುವುದು ನನಗೆ ಅಭ್ಯಾಸ. ಅವಳು ಮೆಲ್ಲಗೆ, ಹೆರಿಗೆ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು. ಮುಗಿದ ಮೇಲೆ ನಾನು ರೂಢಿಯಂತೆ ಮೂಡಲಕ್ಕೆ ತಿರುಗಿ, "ಪಡುವಲದವರಿಗೆ..." ಎಂದು ಶುರು ಮಾಡಿದೆ.

ಮುಂದಿನ ಪದ ಬಾಯಿಯಲ್ಲೇ ಇತ್ತು. ಮೂವತ್ತೊಂದು ವರ್ಷ ಸವೆದ, ನುಣ್ಣಗಾದ ಪದ. ವರದಯ್ಯನವರು ಆಗಲೇ 'ಬೇಸರ ಮಾಡ್ಕೋಬೇಡಿ' ಎನ್ನಲು ಸಿದ್ಧರಾಗಿ ಮುಗುಳ್ನಗುತ್ತಿದ್ದರು. ಆ ನಗುವನ್ನು ಕಂಡು ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ನಾನು ಸೂಲಗಿತ್ತಿ," ಎಂದೆ.

ವರದಯ್ಯನವರು ಹುಬ್ಬೇರಿಸಿದರು. ಅಂತೆಯಮ್ಮನ ಬಾಯಲ್ಲಿ 'ನಾನು' ಎಂಬ ಪದವನ್ನು ಆ ಮಂಟಪ ಅದುವರೆಗೆ ಕೇಳಿರಲಿಲ್ಲ.

"ನಾನು ಸೂಲಗಿತ್ತಿ. ಈ ವರ್ಷ ನಾಲ್ಕು ಮಕ್ಕಳನ್ನ ಈ ಕೈಯಲ್ಲಿ ಎತ್ತಿಕೊಂಡೆ, ಒಂದಕ್ಕೂ ಉಸಿರಿರಲಿಲ್ಲ. ಬೆನ್ನು ತಟ್ಟಿದೆ, ಬಾಯಿಗೆ ಬಾಯಿಟ್ಟು ಊದಿದೆ. ಒಂದು ಕೂಸಿನ ಉಗುರು ನೀಲಿ ಇತ್ತು, ಬಾವಿಯಲ್ಲಿ ಸೇದೋ ನೀರಿನ ಬಣ್ಣ. ಆ ನೀರು ನಿಮ್ಮ ತೊಟ್ಟಿಯದು. ಹನ್ನೊಂದು ವರ್ಷದಿಂದ ಹೇಳ್ತಿದೀವಿ. ನೀನು ನಗ್ತೀಯ. ನೀನು ಹೆತ್ತವನಾ, ಕಲ್ಲಾ? ತೊಟ್ಟಿ ಮುಚ್ಚು. ಮುಚ್ಚದಿದ್ರೆ ನಾವೇ ಬಂದು ಒಡೀತೀವಿ."

ಹೇಳಿ ಮುಗಿಸುವಾಗ ನನ್ನ ಕೈಗಳು ಎದೆಯ ಮುಂದೆ ಮಗು ಹಿಡಿದ ಹಾಗೆ ಇದ್ದವು. ಯಾವಾಗ ಹಾಗೆ ಹಿಡಿದೆನೋ ಗೊತ್ತಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು. ಅದು ಕೆಂಚಮ್ಮನದೋ ನನ್ನದೋ ಹೇಳುವುದು ಕಷ್ಟ.

ವರದಯ್ಯನವರು ಕೇಳಿದ್ದು ಅವಳನ್ನಲ್ಲ, ನನ್ನನ್ನು.

"ಹನ್ನೊಂದು ವರ್ಷದಿಂದ ಹೇಳ್ತಿದ್ರಾ?"

"ಹೌದು."

"ನೀವು ಬೇಸರ ಅಂದ್ರಿ."

"ಹೌದು."

"ಬೇಸರ ಅಂದ್ರೆ ನಾನು ಏನು ಮಾಡ್ಲಿ ಅಂತೆಯಮ್ಮ?" ಅವರು ಎದ್ದು ನಿಂತರು, ದನಿ ಮೊದಲ ಸಲ ಮೇಲಕ್ಕೆ ಹೋಯಿತು. "ಬೇಸರಕ್ಕೆ ಯಾರಾದ್ರೂ ನಲವತ್ತು ಮನೆ ತೊಟ್ಟಿ ಮುಚ್ತಾರಾ? ನನಗೂ ದಿನಾ ಬೇಸರ ಆಗತ್ತೆ!"

ಅವರು ಮತ್ತೆ ಕೂತು, ಮೆಲ್ಲಗೆ, "ನಿಮ್ಮತ್ತೇನೂ ಹೀಗೇ ಮಾಡ್ತಿದ್ರಾ?" ಎಂದರು.

"ಅವಳೇ ನನಗೆ ಕಲಿಸಿದ್ದು. ಒಂದೇ ಸಲ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದಳಂತೆ. ಬೆಂಕಿ ಬಿದ್ದ ದಿನ."

"ಇಲ್ಲ," ಎಂದರು ವರದಯ್ಯ. "ಬೆಂಕಿ ಬಿದ್ದ ದಿನ ನಮ್ಮಮ್ಮ ಚಕ್ಕುಲಿ ಸುಡ್ತಿದ್ರು. ಬೆಳಿಗ್ಗೆಯಿಂದ ಅಂಗಳ ಸಾರಿಸಿ ರಂಗೋಲಿ ಹಾಕಿದ್ರು. ಇಡೀ ಕೇರಿ ಹಾಗೇ ಮಾಡಿತ್ತು. ಪಡುವಲದೋರು ಸಂಜೆ ಎಲ್ಲರ ಮನೆಗೂ ಬಂದು ಹೋಗ್ತಾರಂತೆ ಅಂತ ಸಭೆಯಿಂದ ಸುದ್ದಿ ಬಂದಿತ್ತು." ಅವರು ನನ್ನನ್ನೇ ನೋಡುತ್ತಿದ್ದರು. "ಐವತ್ತು ವರ್ಷ ಯೋಚನೆ ಮಾಡಿದೀನಿ. ಸುಡೋಕೆ ಬರೋರಿಗೆ ಅಮ್ಮ ಯಾಕೆ ಚಕ್ಕುಲಿ ಮಾಡಿದ್ರು ಅಂತ."

'ಸಂಜೆ ಬರ್ತೀವಿ, ಒಂದು ಮನೇನೂ ಬಿಡಲ್ಲ' ಎಂದು ಪಡುವಲದವರು ಅಂದಿರಬೇಕು. ಅತ್ತೆ ಅದರ ಮುಳ್ಳು ಮುರಿದಿದ್ದಳು. ಅವಳು ನನಗೆ ಸುಳ್ಳು ಹೇಳಿದ್ದಳೋ, ತನಗೇ ಹೇಳಿಕೊಂಡು ನಂಬಿದ್ದಳೋ, ಕೇಳೋಣವೆಂದರೆ ಅವಳಿಲ್ಲ. ಬಾಗಿಲು ತೆಗೆದಿಟ್ಟು, ತಟ್ಟೆಗೆ ಹಾಕಿಕೊಂಡು ಕಾದವರ ಮನೆಗೆ ಬೆಂಕಿ ಬಂದಿತ್ತು. ಮುನ್ಸೂಚನೆ ಇದ್ದಿದ್ದರೆ ಓಡುತ್ತಿದ್ದರು, ಇಲ್ಲವೇ ಎದುರು ನಿಂತು ಮಾತಾಡುತ್ತಿದ್ದರು.

"ಏನಂತೆ?" ಎಂದು ಕೆಂಚಮ್ಮ ನನ್ನ ತೋಳು ಅಲುಗಿಸಿದಳು. ನಾನು ಎಲ್ಲವನ್ನೂ ಹೇಳಿದೆ, ಚಕ್ಕುಲಿಯನ್ನೂ. ಅವಳು ವರದಯ್ಯನವರನ್ನು ನೋಡಿದಳು. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿದರು.

ಇಲ್ಲಿಗೆ ಎಲ್ಲರೂ ಒಂದಾದರು ಎಂದು ನೀವು ತಿಳಿದರೆ ತಪ್ಪು. ಜಗಳ ಶುರುವಾದದ್ದೇ ಇಲ್ಲಿಂದ. "ತೊಟ್ಟಿ ಮುಚ್ಚಿದ್ರೆ ನಲವತ್ತು ಮನೆ ಒಲೆ ಆರತ್ತೆ, ಅವರೇನು ಮಣ್ಣು ತಿನ್ನಬೇಕಾ?" ಎಂದರು ವರದಯ್ಯ. ಅದನ್ನು ಹಾಗೇ ದಾಟಿಸಿದೆ. "ನಮ್ಮೋರು ಮಣ್ಣಿಗೆ ಹೋಗ್ತವ್ರೆ, ನಿಮ್ಮೋರು ತಿಂದ್ರೆ ಏನಾಯ್ತು?" ಎಂದಳು ಕೆಂಚಮ್ಮ. ಅದನ್ನೂ ಹಾಗೇ ದಾಟಿಸಿದೆ. ಸುಡುಗಾಡಿಗೆ ಹೋಗುವ ದಾರಿಗೆ ಪಡುವಲದವರು ಬೇಲಿ ಹಾಕಿದ್ದು, ಹೆಣ ಹೊತ್ತವರು ಮುಳ್ಳು ತುಳಿದುಕೊಂಡು ಸುತ್ತಿ ಹೋಗುವುದು, ಮೂಡಲದವರ ಈ ಅಳಲನ್ನು ನಾನು ಒಂಬತ್ತು ವರ್ಷದಿಂದ 'ದಾರಿಯ ಬಗ್ಗೆ ಒಂದು ಕೋರಿಕೆಯಂತೆ' ಎಂದು ದಾಟಿಸುತ್ತಿದ್ದದ್ದು, ಎಲ್ಲ ಹೊರಗೆ ಬಂತು. ಆಗ ಕೆಂಚಮ್ಮನ ಮುಖ ಸಣ್ಣಗಾಯಿತು. ಮಧ್ಯಾಹ್ನ ಆಯಿತು, ಊಟದ ಹೊತ್ತು ಮೀರಿತು. ವರದಯ್ಯನವರು ಬಿರುಸು ಮಾತಾಡುವುದು ಗೊತ್ತಿಲ್ಲದೆ ತೊದಲುತ್ತಿದ್ದರು. ಆಮೇಲಾಮೇಲೆ ಚೆನ್ನಾಗಿ ಕಲಿತರು. ನನ್ನ ಗಂಟಲು ಕಟ್ಟಿತು.

ಮರುದಿನ ಎರಡೂ ಕೇರಿಯವರು ಬೀದಿಯ ಎರಡು ಅಂಚಿಗೆ ಬಂದು ನಿಂತರು. ಗಿರಣಿಯ ತಗಡಿಗೆ ಎರಡು ಕಲ್ಲು ಬಿದ್ದವು, ಮೂಡಲದ ಒಬ್ಬನ ಹಣೆ ಒಡೆಯಿತು. ಅಂಥ ಹೊತ್ತಿನಲ್ಲಿ ಮೊದಲಾಗಿದ್ದರೆ ವರದಯ್ಯನವರು 'ನಾವೆಲ್ಲ ಒಂದೇ' ಎನ್ನುತ್ತಿದ್ದರು. ಈ ಸಲ ಅವರು ನಡುಬೀದಿಗೆ ಒಂದು ಬೆಂಚು ತರಿಸಿದರು. ಎದುರಿಗೆ ಕೆಂಚಮ್ಮನಿಗೊಂದು, ನನಗೊಂದು. ನಿನ್ನೆ ಬಿಟ್ಟಲ್ಲಿಂದಲೇ ಇಬ್ಬರೂ ಮತ್ತೆ ಶುರು ಮಾಡಿದರು. ಕಲ್ಲು ಹಿಡಿದವರು ಸುತ್ತ ನಿಂತು ಕೇಳಿದರು. ಒಂದು ಗಂಟೆ ನಿಂತ ಮೇಲೆ ಕಾಲು ನೋಯುತ್ತದೆ, ಕೈಯಲ್ಲಿ ಕಲ್ಲು ಹಿಡಿದು ಕೂರಲು ಆಗುವುದಿಲ್ಲ. ಒಬ್ಬೊಬ್ಬರಾಗಿ ಕಲ್ಲು ಕೆಳಗಿಟ್ಟು ಕೂತರು. ಚಹಾದಂಗಡಿಯ ಪೀರಣ್ಣ, "ಅವರಿಬ್ರು ನಮಗಿಂತ ಚೆನ್ನಾಗಿ ಜಗಳ ಆಡ್ತಾರೆ, ಆಡ್ಲಿ ಬಿಡಿ," ಎಂದು ಎಲ್ಲರಿಗೂ ಚಹಾ ಕೊಟ್ಟ. ನನಗೆ ಮಾತ್ರ ಯಾರೂ ಕೊಡಲಿಲ್ಲ. ಎರಡೂ ಕೇರಿಯವರು ನನ್ನನ್ನು ನೋಡುತ್ತಿದ್ದ ರೀತಿಯಲ್ಲಿ ಮಾತ್ರ ಪೂರ್ತಿ ಒಗ್ಗಟ್ಟಿತ್ತು. ಕುರ್ಚಿ ಬಿಡುತ್ತೇನೆ ಎಂದೆ. ನನ್ನನ್ನು ಬಿಟ್ಟರೆ ಆ ಕಿವಿ ಇನ್ನಾರಿಗೂ ಇಲ್ಲದ್ದರಿಂದ ಅವರು ಬಿಡಲೂ ಇಲ್ಲ.

ಒಂಬತ್ತು ವಾರ ಜಗಳ ನಡೆಯಿತು. ಬಣ್ಣದ ನೀರು ಇಂಗಲು ಮೂಡಲದ ಆಚೆ ಬರಡು ಜಾಗದಲ್ಲಿ ಹೊಂಡ ತೋಡಬೇಕು, ತೋಡಲು ಎರಡೂ ಕೇರಿಯವರು ಬರಬೇಕು, ಬೇಲಿ ತೆಗೆಯಬೇಕು ಎಂದಾಯಿತು. ತೋಡುವಾಗಲೂ ಜಗಳವಾಡಿದರು. ವರದಯ್ಯನವರನ್ನು ಅವರ ಕೇರಿಯವರೇ ಸೋತವನೆಂದು ಹಂಗಿಸುತ್ತಾರೆ, ಮುಂದಿನ ಸಲ ಅವರು ಗೆಲ್ಲುವುದು ಅನುಮಾನ. ಬಾವಿಯ ನೀರು ತಿಳಿಯಾಗಲು ಇನ್ನೂ ಎಷ್ಟು ಮಳೆ ಬೇಕೋ ಯಾರಿಗೂ ತಿಳಿಯದು. ತೊಟ್ಟಿಯ ಕಾಲುವೆಗೆ ಕಲ್ಲು ಮಣ್ಣು ತುಂಬಿ ಮುಚ್ಚಿದ ಮರುದಿನ ಬೆಳಿಗ್ಗೆ ಚೆಲುವಿ ಒಬ್ಬಳೇ ನನ್ನ ಮನೆಗೆ ಬಂದಳು.

ಈ ಸಲವೂ ಗೋಡೆಗೆ ಒರಗಿ ಕೂತು ಕೇಳಿದಳು. "ನನ್ನ ಮಗು ಸತ್ತ ವಾರ ಮಾದಪ್ಪಣ್ಣ ಸಭೇಲಿ ಹೇಳಿದ್ರು. ನನ್ನ ಹೆಸರು ಹಿಡಿದೇ ಹೇಳಿದ್ರಂತೆ. ಆವತ್ತು ನೀವು ಆಚೆಯೋರಿಗೆ ಏನಂದ್ರಿ?"

ಮೂವತ್ತೊಂದು ವರ್ಷದ ಅಭ್ಯಾಸ ನನ್ನೊಳಗೆ ತಟ್ಟನೆ ಎದ್ದು ನಿಂತಿತು. ಈ ಹುಡುಗಿಗೆ ನೋವಾಗದ ಹಾಗೆ ಹೇಳಲು ನನಗೆ ನೂರು ದಾರಿ ಗೊತ್ತಿತ್ತು. ಯಾವುದನ್ನೂ ಹಿಡಿಯಲಿಲ್ಲ.

"ಪಡುವಲದವರಿಗೆ ಸ್ವಲ್ಪ ಬೇಸರವಂತೆ ಅಂದೆ."

"ಅಷ್ಟೇನಾ?"

"ಅಷ್ಟೇ."

"ನನ್ನ ಹೆಸರು?"

"ಹೇಳಲಿಲ್ಲ."

ಅವಳು ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, "ಹೊಟ್ಟೇಲಿದ್ದಾಗ್ಲೇ ಹೆಸರಿಟ್ಟಿದ್ದೆ," ಎಂದಳು. "ದೇವೀರಿ ಅಂತ. ನಮ್ಮಜ್ಜಿ ಹೆಸರು. ಯಾರಿಗೂ ಹೇಳಿಲ್ಲ." ಎದ್ದು ನಿಂತಳು. "ಅವರಿಗೆ ಹೇಳ್ರಿ. ಸಭೇಲಿ ಬ್ಯಾಡ, ಅಲ್ಲಿ ಎಲ್ಲಾರೂ ಜಗಳದಾಗಿರ್ತಾರೆ. ಮನೆಮನೇಗೆ ಹೋಗಿ ಹೇಳ್ರಿ. ನಾನೂ ಬರ್ತೀನಿ."

ಚಪ್ಪಲಿ ಮೆಟ್ಟಿಕೊಂಡೆ. ಬೀದಿ ದಾಟಿದೆವು. ಮೂಡಲದ ಮೊದಲ ಬಣ್ಣದ ಮನೆಯ ಬಾಗಿಲು ತೆರೆದವಳು ನಡುವಯಸ್ಸಿನ ಒಬ್ಬ ಹೆಂಗಸು, ಮೊಣಕೈವರೆಗೂ ನೀಲಿ ಹತ್ತಿತ್ತು. ನನ್ನನ್ನು ಕಂಡು ಮುಖ ಗಂಟಿಕ್ಕಿದಳು. ನಾನು ಅವಳ ಕಣ್ಣಿನಲ್ಲಿ ಕಣ್ಣಿಟ್ಟು, "ನನ್ನ ಹೆಸರು ಚೆಲುವಿ. ನನ್ನ ಮಗಳ ಹೆಸರು ದೇವೀರಿ. ಹೋದ ಬೇಸಿಗೇಲಿ ಹುಟ್ಟಿದಳು, ಉಸಿರಾಡಲಿಲ್ಲ," ಎಂದೆ.

ಹೆಂಗಸು ನನ್ನ ಮುಖದಿಂದ ಕಣ್ಣು ತೆಗೆದು ಚೆಲುವಿಯನ್ನು ನೋಡಿದಳು. ನೀಲಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಆಮೇಲೆ ಅವಳು ಒಂದೇ ಒಂದು ಮಾತು ಹೇಳಿದಳು, "ದೇವೀರಿ" ಎಂದು. ಚೆಲುವಿಗೆ ಅದು ಕೇಳಿಸಲಿಲ್ಲ. ಆದರೆ ಅವಳು ಆ ತುಟಿಗಳನ್ನೇ ನೋಡುತ್ತಿದ್ದಳು. ದಾಟಿಸಲೆಂದು ನಾನು ಬಾಯಿ ತೆರೆದಾಗ ಚೆಲುವಿ ಬೇಡವೆಂದು ನನ್ನ ಕೈ ಹಿಡಿದಳು.

ಇನ್ನೂ ಮೂವತ್ತೊಂಬತ್ತು ಮನೆ ಇದ್ದವು. ಅವಳು ನನಗಿಂತ ಮುಂದಾಗಿ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.